ಮುಖಭಾವ, ಮಿದುಳಿನ ಎರಡು ಹೋಳು: 'ಎಡ' ಅಂದರೆ ಯಾರ ಎಡ?

"ಬಲ ಮಿದುಳು ಭಾವನೆಗೆ, ಎಡ ಮಿದುಳು ಲೆಕ್ಕಕ್ಕೆ" ಅಂತ ಉತ್ತರ ಪತ್ರಿಕೆಯಲ್ಲಿ ದಯವಿಟ್ಟು ಬರೆಯಬೇಡಿ. ಮಿದುಳು ಮುಖದ ಭಾವವನ್ನು ಹೇಗೆ ಓದುತ್ತದೆ, ಹೇಗೆ ತೋರಿಸುತ್ತದೆ ಅನ್ನುವ ಈ ಪಾಠ ಕಷ್ಟ ಅನ್ನಿಸುವುದು ಮಿದುಳಿನಿಂದಲ್ಲ. ಪುಸ್ತಕದಲ್ಲಿ 'ಎಡ' ಅಂತ ಕಂಡಾಗ ನೋಡುವವರ ಎಡವೋ, ಆ ಮುಖದ ಎಡವೋ, ಮಿದುಳಿನ ಎಡವೋ ಅಂತ ಕೇಳಿಕೊಳ್ಳದೆ ಮುಂದೆ ಓದುತ್ತೇವಲ್ಲ, ತೊಂದರೆ ಅಲ್ಲಿದೆ.

ಮೊದಲು ನೋಡುವವರ ಕಡೆಯಿಂದ. ಎದುರಿನವರ ಮೂಗಿನ ಮೇಲೆ ಕಣ್ಣಿಡಿ. ಆ ಬಿಂದುವಿನಿಂದ ನಿಮ್ಮ ಎಡಕ್ಕೆ ಕಾಣುವುದೆಲ್ಲ ಮೊದಲು ಬಲ ಮಿದುಳಿಗೆ ಹೋಗುತ್ತದೆ. ಎಡಗಣ್ಣಿಗೆ ಕಂಡದ್ದು ಅಂತಲ್ಲ, ಎರಡೂ ಕಣ್ಣುಗಳಿಗೆ ಎಡಕ್ಕೆ ಕಂಡದ್ದು. ಆಮೇಲೆ ಕಾರ್ಪಸ್ ಕ್ಯಾಲೋಸಮ್ ಅನ್ನುವ ನರಗಳ ದಪ್ಪ ಕಟ್ಟು ಆ ಸುದ್ದಿಯನ್ನು ಆಚೆ ಕಡೆಗೂ ದಾಟಿಸಿಬಿಡುತ್ತದೆ. (ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ, ಚಿತ್ರ ನೋಡಿ ಅರ್ಥವಾಗದವರು ಅಲ್ಲಿ ನಿಜವಾದ ಮಿದುಳನ್ನೇ ನೋಡಬಹುದು.)

ಹಾಗಾದರೆ ಎರಡು ಹೋಳಿಗೂ ವ್ಯತ್ಯಾಸ ಇದೆ ಅಂತ ಗೊತ್ತಾಗುವುದು ಹೇಗೆ? 1983ರಲ್ಲಿ ಮನೋವಿಜ್ಞಾನಿ ಜೆರ್ ಲೆವಿ ಮತ್ತು ಸಂಗಡಿಗರು ಒಂದು ಕಡೆ ನಗುವ, ಇನ್ನೊಂದು ಕಡೆ ಸುಮ್ನೆ ಇರುವ ಮುಖಗಳನ್ನು ಜೋಡಿಸಿ ಬಳಸಿದರು. ಒಂದು ಅಂಥ ಚಿತ್ರ, ಇನ್ನೊಂದು ಅದರ ಕನ್ನಡಿ ಪ್ರತಿ. ಯಾವುದು ಜಾಸ್ತಿ ಖುಷಿಯಾಗಿದೆ ಅಂತ ನೋಡುವವರನ್ನು ಕೇಳಿದರು. ಬಲಗೈಯವರಲ್ಲಿ ಹೆಚ್ಚಿನವರು ನಗು ತಮ್ಮ ಎಡಕ್ಕಿರುವ ಚಿತ್ರವನ್ನೇ ತೋರಿಸುತ್ತಾರೆ. ಅಂದರೆ ಬಲ ಮಿದುಳಿನ ಕೈ ಸ್ವಲ್ಪ ಮೇಲು. ಆದರೆ ಪೂರ್ತಿ ನಂಬಬೇಡಿ, ಓದುವ ಅಭ್ಯಾಸವೂ ಇಲ್ಲಿ ಬೆರೆತಿದೆ: ಬಲದಿಂದ ಎಡಕ್ಕೆ ಓದುವವರಲ್ಲಿ ಈ ಎಡದ ಒಲವು ಕಡಿಮೆ. ನಮ್ಮ ಬೆಂಗಳೂರಿನಲ್ಲೇ ಕನ್ನಡ ಮಾತ್ರ ಓದುವವರು, ಉರ್ದು ಓದುವವರು ಇಬ್ಬರೂ ಸಿಗುತ್ತಾರೆ, ಪ್ರಾಜೆಕ್ಟ್‌ಗೆ ಒಳ್ಳೆಯ ವಿಷಯ ಅಲ್ವಾ?

ವಾದಗಳು ಮುಖ್ಯವಾಗಿ ಎರಡು. ಎಲ್ಲ ಭಾವವನ್ನು ಗುರುತಿಸುವುದರಲ್ಲೂ ಬಲವೇ ಮುಂದು ಅನ್ನುವುದು ಒಂದು. ಹಿತವಾದದ್ದು ಎಡಕ್ಕೆ, ಭಯ ದುಃಖದಂಥವು ಬಲಕ್ಕೆ ಅನ್ನುವುದು ಇನ್ನೊಂದು. ಮುಖ ಓದುವ ವಿಷಯಕ್ಕೆ ನನಗೆ ಮೊದಲನೆಯದೇ ಗಟ್ಟಿ ಅನ್ನಿಸುತ್ತದೆ. ಆದರೂ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಕೆಲಸ ಮಾಡುವುದು ಕಾಣುತ್ತದೆ.

ಇನ್ನು ಭಾವ ತೋರಿಸುವ ಮುಖ. 1978ರಲ್ಲಿ ಮನೋವಿಜ್ಞಾನಿ ಸ್ಯಾಕೀಮ್ ಮತ್ತು ಸಂಗಡಿಗರು ಫೋಟೋದ ಒಂದು ಅರ್ಧಕ್ಕೆ ಅದರದೇ ಕನ್ನಡಿ ಪ್ರತಿ ಜೋಡಿಸಿ ಮುಖ ಮಾಡಿದರು. ಎಡ ಅರ್ಧದಿಂದಾದ ಮುಖದಲ್ಲಿ ಭಾವ ಜಾಸ್ತಿ ಕಂಡಿತು. ಇಲ್ಲಿ ಎಡ ಅಂದರೆ ಫೋಟೋದಲ್ಲಿರುವವರ ಎಡ, ಮುಖದ ಕೆಳಭಾಗವನ್ನು ಆಡಿಸುವುದು ಹೆಚ್ಚಾಗಿ ಎದುರು ಕಡೆಯ ಮಿದುಳು, ಅಂದರೆ ಎಡ ಮುಖವನ್ನು ಬಲ ಮಿದುಳು. ಹಣೆಗೆ ಮಾತ್ರ ಎರಡೂ ಕಡೆಯಿಂದ ಆಜ್ಞೆ ಬರುತ್ತದೆ. ಅದಕ್ಕೇ ಮಿದುಳಿನ ಒಂದು ಕಡೆ ಸ್ಟ್ರೋಕ್ ಆದಾಗ ಬಾಯಿ ಸೊಟ್ಟಗಾದರೂ ಹಣೆ ಸುಕ್ಕುಗಟ್ಟಿಸಲು ಸಾಮಾನ್ಯವಾಗಿ ಆಗುತ್ತದೆ. ಇನ್ನೂ ವಿಚಿತ್ರ: "ಹಲ್ಲು ತೋರಿಸಿ" ಅಂದಾಗ ತುಟಿಯ ಒಂದು ಕಡೆ ಏಳದ ಕೆಲವು ರೋಗಿಗಳು ಜೋಕ್ ಕೇಳಿದರೆ ಎರಡೂ ಕಡೆ ಸರಿಯಾಗಿ ನಗುತ್ತಾರೆ. ಬೇಕೆಂದು ನಗುವ ದಾರಿ ಬೇರೆ, ತಾನಾಗಿ ಬರುವ ನಗುವಿನ ದಾರಿ ಬೇರೆ.

ಸ್ಯಾಕೀಮ್ ಪ್ರಯೋಗವನ್ನು ಸೆಲ್ಫಿಯಲ್ಲಿ ಮಾಡಿ ನೋಡುವವರು ಫೋನಿನ ಮಿರರ್ ಸೆಟ್ಟಿಂಗ್ ಮೊದಲು ಆಫ್ ಮಾಡಿ. ಆನ್ ಇದ್ದರೆ ನಿಮ್ಮ ಎಡಗೆನ್ನೆ ಫೋಟೋದಲ್ಲೂ ಎಡಕ್ಕೇ ಬರುತ್ತದೆ, ತಪ್ಪು ಅರ್ಧ ಕತ್ತರಿಸಿ ಕೂರುತ್ತೀರಿ.