ನಾಲ್ಕೂ ಚಕ್ರ ಎಳೆಯುತ್ತವೆ ಸರಿ, ನಿಲ್ಲಿಸುವವರು ಯಾರು?

ಅಕ್ಟೋಬರ್ ಬಂತೆಂದರೆ ಟೊರಾಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡದ ಮನೆಗಳಲ್ಲಿ ಅದೇ ಮಾತು: “ನಮ್ಮದು ಆಲ್ ವೀಲ್ ಡ್ರೈವ್ ಅಲ್ವಾ, ವಿಂಟರ್ ಟೈರ್ ಯಾಕೆ ದಂಡ?” ಕಾರಿಗೆ ಒಮ್ಮೆ ಹೆಚ್ಚು ದುಡ್ಡು ಕೊಟ್ಟಾಗಿದೆ, ಈಗ ಟೈರಿಗೂ ಸುರಿಯಬೇಕೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಒಪ್ಪೋಣ. ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಆಲ್ ವೀಲ್ ಡ್ರೈವ್ ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚುತ್ತದೆ, ಅಷ್ಟೆ. ಹೊರಡುವಾಗ, ಏರು ಹತ್ತುವಾಗ, ಹಿಮದಲ್ಲಿ ಹೂತ ಗಾಡಿ ಎತ್ತುವಾಗ ಅದರಿಂದ ನಿಜಕ್ಕೂ ಲಾಭವಿದೆ. ಬ್ರೇಕ್ ವಿಷಯ ಬೇರೆ. ಅತ್ಯಂತ ಅಗ್ಗದ ಸಣ್ಣ ಕಾರಿಗೂ ನಾಲ್ಕು ಚಕ್ರದಲ್ಲಿ ಬ್ರೇಕ್ ಇದೆ, ನಿಮ್ಮ ಎಸ್‌ಯುವಿಗೂ ನಾಲ್ಕರಲ್ಲೇ ಇದೆ. ಕೆಂಪು ದೀಪದ ಮುಂದೆ ಪೆಡಲ್ ಒತ್ತಿದಾಗ ನಿಮಗೆ ಸಿಗುವ ಹೆಚ್ಚುವರಿ ಸೌಲಭ್ಯ ಸೊನ್ನೆ. ವೇಗದಲ್ಲಿ ತಿರುವಿಗೆ ನುಗ್ಗುವಾಗಲೂ ಹೆಚ್ಚುಕಡಿಮೆ ಅದೇ ಕತೆ. ಆಗ ಗಾಡಿಯನ್ನು ಹಿಡಿದಿಟ್ಟುಕೊಳ್ಳುವುದು ಅಂಗೈಯಷ್ಟಗಲ ನೆಲ ಮುಟ್ಟಿರುವ ನಾಲ್ಕು ರಬ್ಬರ್ ತುಂಡುಗಳು.

ಇನ್ನೂ ಕೆಟ್ಟದ್ದು ಇದೆ. ಮುಂದಿನ ಚಕ್ರ ಮಾತ್ರ ಎಳೆಯುವ ಕಾರು ಮನೆ ಮುಂದಿನಿಂದ ಹೊರಡುವಾಗಲೇ ಒಮ್ಮೆ ಚಕ್ರ ಜಾರಿಸಿ ‘ಇವತ್ತು ರಸ್ತೆ ಸರಿಯಿಲ್ಲ’ ಎಂದು ಹೇಳಿಬಿಡುತ್ತದೆ. ಆಲ್ ವೀಲ್ ಡ್ರೈವ್ ಆ ಎಚ್ಚರಿಕೆಯನ್ನೇ ನುಂಗಿಹಾಕುತ್ತದೆ. ಸಲೀಸಾಗಿ 50 ಮುಟ್ಟಿಸುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಎಂದು ಗೊತ್ತಾಗುವುದು ಮುಂದಿನವರು ಬ್ರೇಕ್ ಹಾಕಿದಾಗ.

ಲೆಕ್ಕ ಹಾಕಿ ನೋಡಿ, ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ರಸ್ತೆ-ಟೈರ್ ನಡುವಿನ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.3 ಆದರೆ ಗಾಡಿ ನಿಲ್ಲಲು 33 ಮೀಟರ್ ಬೇಕು, 0.2 ಆದರೆ 49. ‘ಹದಿನಾರು ಮೀಟರ್ ತಾನೆ’ ಅನ್ನಬೇಡಿ. ಮೊದಲ ಗಾಡಿ ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 29 ಕಿ.ಮೀ. ವೇಗದಲ್ಲಿರುತ್ತದೆ. ಈ ಘರ್ಷಣಾಂಕಗಳನ್ನು ಉದಾಹರಣೆಗೆ ಇಟ್ಟುಕೊಂಡದ್ದು. ನಿಮ್ಮ ಬೀದಿಯ ಮಂಜುಗಡ್ಡೆ ಇದಕ್ಕಿಂತ ಕೆಟ್ಟದಾಗಿರಬಹುದು, ಅದರಲ್ಲೂ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಮೇಲೊಂದು ನೀರಿನ ಪೊರೆ ನಿಂತಾಗ. ಮೈನಸ್ 20ರ ಗಟ್ಟಿ ಹಿಮಕ್ಕಿಂತ ಅದೇ ಹೆಚ್ಚು ಜಾರುತ್ತದೆ.

ವ್ಯತ್ಯಾಸ ಬರುವುದು ರಬ್ಬರಿನಿಂದ. ಚಳಿಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ನಮಗೆಲ್ಲ ಗೊತ್ತು. ಮಾಮೂಲಿ ಟೈರಿನ ರಬ್ಬರ್ ಅಷ್ಟು ಬೇಗ ಅಲ್ಲದಿದ್ದರೂ ಸುಮಾರು 7 ಡಿಗ್ರಿಗಿಂತ ಕೆಳಗೆ ನಿಧಾನವಾಗಿ ಗಡುಸಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ಮಿಶ್ರಣವೇ ಬೇರೆ, ಮೈನಸ್‌ನಲ್ಲೂ ಮೆತ್ತಗಿರುತ್ತದೆ. ಅದರ ಗಟ್ಟೆಗಳ (ನೆಲ ಮುಟ್ಟುವ ರಬ್ಬರ್ ಉಬ್ಬುಗಳ) ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ, ಅವು ಬಾಯಿ ತೆರೆದು ನೆಲ ಕಚ್ಚುತ್ತವೆ. ಆದ್ದರಿಂದ ಹಿಮ ಬಿದ್ದ ಮೇಲೆ ನೋಡೋಣ ಅಂತ ಕಾಯಬೇಡಿ. ಬೆಳಗಿನ ಹವೆ 7ರ ಕೆಳಗೆ ನಿಲ್ಲತೊಡಗಿದಾಗ ಹಾಕಿಸಿ. ಮೊದಲ ಹಿಮದ ಮರುದಿನ ಟೈರ್ ಅಂಗಡಿಗಳಲ್ಲಿ ತಿರುಪತಿ ಕ್ಯೂ ಇರುತ್ತದೆ.

ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಪರ್ವತ, ಅದರೊಳಗೆ ಹಿಮದ ಹರಳು ಇರುವ ಚಿತ್ರ ಹುಡುಕಿ. ‘ಎಂ+ಎಸ್’ (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಎಂದಷ್ಟೇ ಇದ್ದರೆ ಅದು ಕಂಪನಿಯೇ ಗಟ್ಟೆಗಳ ವಿನ್ಯಾಸ ನೋಡಿ ಹಾಕಿಕೊಂಡ ಗುರುತು, ಅದರ ಹಿಂದೆ ಯಾವ ಪರೀಕ್ಷೆಯೂ ಇಲ್ಲ. ಜರ್ಮನಿ 2024ರ ಅಕ್ಟೋಬರ್ 1ರಿಂದ ಅದನ್ನು ಚಳಿಗಾಲದ ಟೈರ್ ಎಂದು ಒಪ್ಪುವುದನ್ನೇ ನಿಲ್ಲಿಸಿತು. ಪರ್ವತದ ಗುರುತಿಗೂ ಮಿತಿಯಿದೆ: ಇಲ್ಲಿ ಅದರ ಪರೀಕ್ಷೆ ನೋಡುವುದು ಹಿಮದ ಮೇಲೆ ಎಳೆಯುವ ಶಕ್ತಿಯನ್ನು, ಮಂಜುಗಡ್ಡೆಯ ಮೇಲಿನ ಬ್ರೇಕನ್ನಲ್ಲ. ಹಾಗಾಗಿ ವರ್ಷವಿಡೀ ಬಿಚ್ಚದೆ ಓಡಿಸುವ ‘ಆಲ್ ವೆದರ್’ ಟೈರಿಗೂ ಆ ಗುರುತು ಸಿಗುತ್ತದೆ, ಅಪ್ಪಟ ವಿಂಟರ್ ಟೈರಿಗೂ ಸಿಗುತ್ತದೆ. ನಗರದೊಳಗೆ, ಬೇಗ ಹಿಮ ತೆಗೆಯುವ ರಸ್ತೆಗಳಲ್ಲೇ ಓಡಾಡುವವರಿಗೆ ಆಲ್ ವೆದರ್ ಸಾಕಾಗಬಹುದು. ವಾರಕ್ಕೆರಡು ಸಲ ಟೊರಾಂಟೊದ ಉತ್ತರಕ್ಕಿರುವ ಬ್ಯಾರಿ ಊರಿನ ಕಡೆಗೆ ಹೋಗುವವರಿಗೆ ಸಾಲದು. ‘ಆಲ್ ಸೀಸನ್’ ಎಂಬ ಮಾಮೂಲಿ ಟೈರ್ ಮೂರನೆಯ ಜಾತಿ. ಅದರ ಹೆಸರಲ್ಲಿರುವ ಎಲ್ಲ ಋತುಗಳಲ್ಲಿ ಕೆನಡಾದ ಜನವರಿ ಸೇರಿಲ್ಲ.

ಪಕ್ಕದ ಪ್ರಾಂತ್ಯ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ಟೊರಾಂಟೊ ಇರುವ ಒಂಟಾರಿಯೊದಲ್ಲಿ ಕಡ್ಡಾಯವಲ್ಲ, ಆದರೆ 2016ರಿಂದ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ಫೋನ್ ಮಾಡಿ ಕೇಳಿ. ಕೇಳದವರಿಗೆ ತಾನಾಗಿ ಸಿಗುವುದು ಕಡಿಮೆ.

ಎರಡೇ ಹಾಕಿಸಿ ಉಳಿಸೋಣ ಎಂಬುವರಿಗೆ: ಬೇಡ. ಮುಂದೆ ಮಾತ್ರ ಹಿಡಿತ ಇದ್ದು ಹಿಂದೆ ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಹಿಂಬದಿ ಮುಂದೆ ಬರಲು ನೋಡುತ್ತದೆ, ಗಾಡಿ ಬುಗುರಿಯಾಗುತ್ತದೆ. ಆಲ್ ವೀಲ್ ಡ್ರೈವ್‌ನಲ್ಲಂತೂ ಸವೆತ ಬೇರೆಬೇರೆಯಾದ ಟೈರುಗಳು ಬೇರೆಬೇರೆ ವೇಗದಲ್ಲಿ ತಿರುಗಿ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಮಧ್ಯದ ಕ್ಲಚ್ಚನ್ನು ಸುಮ್ಮನೆ ಬಿಸಿ ಮಾಡುತ್ತವೆ. ನಾಲ್ಕೂ ಒಂದೇ ಮಾದರಿ, ಒಂದೇ ಹೊತ್ತಿಗೆ.

ಅಳತೆಯಲ್ಲಿ ದುಡ್ಡು ಉಳಿಸುವ ದಾರಿಯೊಂದಿದೆ. 2019ರಿಂದ 2025ರವರೆಗಿನ ಟೊಯೋಟಾ ರಾವ್4ರ ದುಬಾರಿ ಮಾದರಿಗಳಲ್ಲಿ 235/55 ಆರ್19 (ಅಗಲ 235 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 55, ರಿಮ್ 19 ಇಂಚು) ಇರುತ್ತದೆ, ಸಾದಾ ಮಾದರಿಗೆ 225/65 ಆರ್17. ಚಳಿಗಾಲಕ್ಕೆ 17 ಇಂಚಿಗೆ ಇಳಿಯಿರಿ. ಟೈರ್ ಅಗ್ಗ, ಪಕ್ಕೆ ಎತ್ತರವಿರುವುದರಿಂದ ಹಿಮದಡಿಯ ಗುಂಡಿಗೆ ಬಿದ್ದರೂ ರಿಮ್ ಉಳಿಯುತ್ತದೆ. ಸುತ್ತಳತೆ ಶೇ. 2ರಷ್ಟು ಕಡಿಮೆಯಾಗುವುದರಿಂದ ಸ್ಪೀಡೋಮೀಟರ್ ಸ್ವಲ್ಪ ಹೆಚ್ಚು ತೋರಿಸುತ್ತದೆ, ತೊಂದರೆಯಿಲ್ಲ. ಆದರೂ ಚಕ್ರದೊಳಗೆ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರಿಗೆ ರಿಮ್ ತಾಗುವುದಿಲ್ಲವೇ ಎಂದು ನಿಮ್ಮ ಗಾಡಿಗೇ ಒಂದು ಚಕ್ರ ಹಾಕಿ ನೋಡದೆ ನಾಲ್ಕನ್ನು ಕೊಳ್ಳಬೇಡಿ. ಭಾರದ ಸಂಖ್ಯೆಯನ್ನು ಮಾತ್ರ ಇಳಿಸಲೇಬಾರದು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಳತೆಯ ಜೊತೆಗಿರುವ ಭಾರದ ಸಂಖ್ಯೆ 102 ಎಂದಿದ್ದರೆ ಒಂದು ಟೈರ್ 850 ಕಿಲೋ ಹೊರಬೇಕು. ಏಳು ಜನ, ಒಂದು ಕುಕ್ಕರ್, ಎರಡು ಅಕ್ಕಿ ಮೂಟೆ ಹೇರುವ ಸಂಸಾರಗಳಿಗೆ ಈ ಮಾತು ಇನ್ನೊಮ್ಮೆ. ಅದರ ಪಕ್ಕದ, ಗರಿಷ್ಠ ವೇಗ ಹೇಳುವ ಅಕ್ಷರ ಒಂದೆರಡು ಮೆಟ್ಟಿಲು ಇಳಿದರೆ ನಡೆಯುತ್ತದೆ, ಟಿ ಎಂದರೂ 190 ಕಿ.ಮೀ.

ಬೇರೆ ರಿಮ್ ತೆಗೆದುಕೊಂಡರೆ ನಟ್ ನೋಡಿಕೊಳ್ಳಿ. ಹೋಂಡಾದ ಮೂಲ ರಿಮ್ಮಿಗೆ ಗುಂಡು ತಳದ ನಟ್, ಹೊರಗಿನ ಕಂಪನಿಗಳ ರಿಮ್ಮುಗಳಿಗೆ ಸಾಮಾನ್ಯವಾಗಿ ಶಂಕುವಿನಾಕಾರದ್ದು. ಹಳೆಯದನ್ನೇ ಬಿಗಿದರೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ರಿಮ್ಮಿನ ಮಧ್ಯದ ತೂತು ದೊಡ್ಡದಿದ್ದರೆ ಆ ಸಂದು ತುಂಬುವ ಬಳೆ, ಹಬ್ ರಿಂಗ್, ಹಾಕಿಸಿ, ಇಲ್ಲವಾದರೆ ಹೆದ್ದಾರಿ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು. ಹೇಳಿದಷ್ಟೇ ಬಲದಲ್ಲಿ ಬಿಗಿಯುವ ಟಾರ್ಕ್ ರೆಂಚ್‌ನಿಂದಲೇ ಬಿಗಿಸಿ, 80-100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಗಾಳಿ. ತಾಪಮಾನ 5-6 ಡಿಗ್ರಿ ಇಳಿದಂತೆಲ್ಲ 1 ಪಿಎಸ್‌ಐ ಕಡಿಮೆಯಾಗುತ್ತದೆ. 20 ಡಿಗ್ರಿಯ ಅಂಗಡಿಯೊಳಗೆ 35 ತುಂಬಿಸಿ ತಂದ ಗಾಡಿ ಮೈನಸ್ 15ರ ರಾತ್ರಿ ಹೊರಗೆ ನಿಂತರೆ ಬೆಳಿಗ್ಗೆ 29ರ ಆಸುಪಾಸು. ಎಚ್ಚರಿಕೆ ದೀಪ ಸಾಮಾನ್ಯವಾಗಿ ಹತ್ತುವುದು ಕಾಲು ಭಾಗ ಇಳಿದ ಮೇಲೆ, ಅಂದರೆ 26ಕ್ಕೆ. ದೀಪವನ್ನು ನಂಬಿ ಕೂರಬೇಡಿ. ತಿಂಗಳಿಗೊಮ್ಮೆ, ಗಾಡಿ ಓಡಿಸುವ ಮೊದಲು, ಹೊರಗಿನ ಚಳಿಯಲ್ಲೇ ಅಳೆಯಿರಿ.

ಹಳೆಯ ಟೈರ್ ಕೊಳ್ಳುವವರು ಪಕ್ಕೆಯ ನಾಲ್ಕಂಕಿ ಓದಿ. 3519 ಎಂದರೆ 2019ರ 35ನೆಯ ವಾರ ತಯಾರಾದದ್ದು, ಅಷ್ಟು ಹಳೆಯ ರಬ್ಬರ್ ಗಟ್ಟೆ ಎಷ್ಟೇ ಎತ್ತರವಿದ್ದರೂ ಮೆತ್ತಗೆ ಉಳಿದಿರುವುದು ಅನುಮಾನ. ಗಟ್ಟೆ 4 ಮಿ.ಮೀ.ಗೆ ಇಳಿದರೆ ಹಿಮದ ಮಟ್ಟಿಗೆ ಅದರ ಆಯುಷ್ಯ ಮುಗಿಯಿತು. ಏಪ್ರಿಲ್‌ನಲ್ಲಿ ಬಿಚ್ಚಿಸುವಾಗ ಒಳಬದಿಗೆ ಸೀಮೆಸುಣ್ಣದಲ್ಲಿ ‘ಮುಂದೆ ಎಡ’, ‘ಹಿಂದೆ ಬಲ’ ಅಂತ ಬರೆದಿಡಿ, ಬರುವ ವರ್ಷ ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ ಹೋಗಬೇಕು. ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಎಡದ್ದು ಎಡಕ್ಕೇ ಇರಲಿ.