ಪದ ಪರಿಚಯ: ಕ್ಲಿನಿಕಲ್ ಡಿಸಿಷನ್ ಸಪೋರ್ಟ್

ಡಾಕ್ಟರು ಕಂಪ್ಯೂಟರಿನಲ್ಲಿ ರಕ್ತ ಪರೀಕ್ಷೆಗೆ ಬರೆಯುತ್ತಾರೆ. ಆಗಲೇ ಪರದೆಯಲ್ಲಿ ಒಂದು ಸಾಲು ಬರುತ್ತದೆ: 'ಇವರಿಗೆ ಎಚ್‌ಬಿಎ1ಸಿ ಹೋದ ತಿಂಗಳಷ್ಟೇ ಆಗಿದೆ, 7.2 ಇತ್ತು. ಮತ್ತೆ ಬೇಕೇ?' ಈ ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವಂಥದ್ದು. ತಿಂಗಳಿಗೊಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಹೊಸದೇನೂ ಸಿಗುವುದಿಲ್ಲ. ಹೀಗೆ ರೋಗಿಯ ಹಳೆಯ ದಾಖಲೆ ನೋಡಿ, ಚೀಟಿ ಬರೆಯುವ ಹೊತ್ತಿಗೇ ಡಾಕ್ಟರಿಗೆ ನೆನಪಿಸುವ ಸಾಫ್ಟ್‌ವೇರಿಗೆ ಕ್ಲಿನಿಕಲ್ ಡಿಸಿಷನ್ ಸಪೋರ್ಟ್ ಎನ್ನುತ್ತಾರೆ. ಅದು ತಡೆಯುವುದಿಲ್ಲ, ಕೇಳುತ್ತದೆ. ತೀರ್ಮಾನ ಡಾಕ್ಟರದ್ದೇ.

ಇದು ಈಚಿನ ಎಐ ಗದ್ದಲದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯರು ಕಂಪ್ಯೂಟರ್ ನೆನಪೋಲೆಗಳ ಬಗ್ಗೆ 1976ರಲ್ಲೇ ಬರೆದಿದ್ದರು. 1990ರಲ್ಲಿ ಅಲ್ಲಿಂದಲೇ ಇನ್ನೊಂದು ಅಧ್ಯಯನ ಬಂತು. ಪರೀಕ್ಷೆಯ ದರವನ್ನು ಡಾಕ್ಟರ ಪರದೆಯಲ್ಲಿ ತೋರಿಸಿದರು, ಅಷ್ಟೇ. ಬರೆಯುವ ಪರೀಕ್ಷೆಗಳು ಸುಮಾರು ಶೇ. 14ರಷ್ಟು ಇಳಿದವು. ದರ ತೋರಿಸುವುದು ನಿಂತ ಮೇಲೆ ಆ ಲಾಭವೂ ಕರಗುತ್ತಾ ಬಂತು. 1999ರಲ್ಲಿ ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ 'ಇದು ಆಗಲೇ ಆಗಿದೆ' ಎಂಬ ಸೂಚನೆ ಬಂದಾಗ ಹತ್ತರಲ್ಲಿ ಸುಮಾರು ಏಳು ಸಲ ಡಾಕ್ಟರು ಪರೀಕ್ಷೆ ಕೈಬಿಟ್ಟರು. ಆದರೆ ಒಟ್ಟು ಉಳಿತಾಯ ಅಷ್ಟಾಗಲಿಲ್ಲ. ಎಷ್ಟೋ ಪರೀಕ್ಷೆಗಳು ಕಂಪ್ಯೂಟರಿನ ಕಣ್ಣು ತಪ್ಪಿಸಿ ಲ್ಯಾಬಿಗೆ ಹೋಗುತ್ತಿದ್ದವು.

ಈ ಕಣ್ಣು ತಪ್ಪುವ ವಿಷಯವೇ ನಮ್ಮ ಕಾಸರಗೋಡಿನವರಿಗೆ ದೊಡ್ಡದು. ಕುಂಬಳೆಯಲ್ಲಿ ರಕ್ತ ಕೊಟ್ಟು, ಉಪ್ಪಳದಲ್ಲಿ ಎಕ್ಸ್‌ರೇ ತೆಗೆಸಿ, ಕಡೆಗೆ ತಲಪಾಡಿ ಗಡಿ ದಾಟಿ ಮಂಗಳೂರಿಗೋ ದೇರಳಕಟ್ಟೆಗೋ ಹೋಗುವವರು ನಾವು. ಅಲ್ಲಿನ ಕಂಪ್ಯೂಟರಿಗೆ ನಾವು ಅಂದೇ ಹುಟ್ಟಿದವರು! ಹಳೆಯದು ಏನೂ ಗೊತ್ತಿಲ್ಲದ ಯಂತ್ರ ಏನನ್ನು ನೆನಪಿಸೀತು? ಕೈಯಲ್ಲಿ ಫೈಲ್ ಇದ್ದರೂ ಅದನ್ನು ಡಾಕ್ಟರು ಓದಬಹುದು, ಸಾಫ್ಟ್‌ವೇರ್ ಓದದು. ಗಲ್ಫಿನಿಂದ ರಜೆಗೆ ಬಂದವರ ಪಾಡು ಇನ್ನೂ ಬೇರೆ. ಅಲ್ಲಿನ ಹಲವು ಲ್ಯಾಬುಗಳು ಸಕ್ಕರೆಯನ್ನು ಮಿಲಿಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಅಲ್ಲಿನ 7 ಅಂದರೆ ಇಲ್ಲಿನ ಮಿಲಿಗ್ರಾಂ ಲೆಕ್ಕದಲ್ಲಿ 126. ಹದಿನೆಂಟರಿಂದ ಗುಣಿಸಬೇಕು. ಗುಣಿಸುತ್ತಾ ಕೂರುವುದಕ್ಕಿಂತ ಇನ್ನೊಮ್ಮೆ ರಕ್ತ ತೆಗೆಯುವುದೇ ಸುಲಭ, ಅಲ್ವಾ?

ಹಾಗಾಗಿ ನೆನಪಿಸುವ ಸಾಫ್ಟ್‌ವೇರಿಗಿಂತ ಮೊದಲು ದಾಖಲೆ ಗಡಿ ದಾಟಬೇಕು. ಎಲ್ಲ ಲ್ಯಾಬುಗಳೂ ಒಂದು ಪರೀಕ್ಷೆಗೆ ಒಂದೇ ಸಂಕೇತ ಬಳಸಬೇಕು. ಅದಕ್ಕೆಂದೇ ಲಾಯಿಂಕ್ ಎಂಬ ಸಂಕೇತ ಪಟ್ಟಿ 1994ರಿಂದ ಇದೆ. ಸ್ಕ್ಯಾನಿಂಗ್ ಚಿತ್ರಗಳನ್ನು ಎಲ್ಲ ಕಡೆಯೂ ಒಂದೇ ರೀತಿ ಇಡಲು, ಕಳಿಸಲು ಡೈಕಾಮ್ ಎಂಬ ಮಾದರಿ ಇದೆ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಉದ್ದೇಶವೂ ಇದೇ. ಅದರ 14 ಅಂಕಿಯ ಆಭಾ ಎಂಬ ಆರೋಗ್ಯ ಖಾತೆ ನಂಬರಿಗೆ ಕೇರಳ, ಕರ್ನಾಟಕ ಎಂಬ ಭೇದವಿಲ್ಲ. ನೀವು ಒಪ್ಪಿಗೆ ಕೊಟ್ಟರೆ ಮಾತ್ರ ದಾಖಲೆ ಇನ್ನೊಬ್ಬರಿಗೆ ಕಾಣುತ್ತದೆ. ಆದರೆ ನಂಬರ್ ಮಾಡಿಸಿ ಸುಮ್ನೆ ಇಟ್ಟುಕೊಂಡರೆ ಆಗದು. ಲ್ಯಾಬು, ಆಸ್ಪತ್ರೆ ಎರಡೂ ಅದಕ್ಕೆ ಸೇರಿರಬೇಕು, ನಿಮ್ಮ ವರದಿ ಅದಕ್ಕೆ ಜೋಡಣೆಯಾಗಿರಬೇಕು.

ಪರೀಕ್ಷೆ ಜಾಸ್ತಿಯಾದರೆ ಹೋಗುವುದು ದುಡ್ಡು ಮಾತ್ರ ಎಂದುಕೊಳ್ಳಬೇಡಿ. ಲ್ಯಾಬು ವರದಿಯಲ್ಲಿ 'ನಾರ್ಮಲ್' ಎಂದು ಕೊಡುವ ಮಿತಿ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿಯನ್ನು ಒಳಗೊಳ್ಳುವಂತೆ ಗೊತ್ತುಮಾಡಿದ್ದು. ಉಳಿದ ಐದು ಮಂದಿ ಏನೂ ಆಗದೆಯೇ ಮಿತಿಯ ಹೊರಗೆ! ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಗಟ್ಟಿಮುಟ್ಟಾದವರಿಗೂ ಒಂದಾದರೂ ಮಿತಿಯ ಹೊರಗೆಂದು ದಪ್ಪಕ್ಷರದಲ್ಲಿ ಬರುವ ಸಂಭವ ಶೇ. 64. ಆಮೇಲೆ ಅದರ ಬೆನ್ನು ಹತ್ತಿ ಸ್ಕ್ಯಾನಿಂಗ್, ಸ್ಕ್ಯಾನಿಂಗಿನಲ್ಲಿ ಕಂಡ ಚುಕ್ಕಿಗೆ ಇನ್ನೊಂದು ಪರೀಕ್ಷೆ. ಫುಲ್ ಬಾಡಿ ಚೆಕಪ್ ಬೋರ್ಡುಗಳಲ್ಲಿ ಈ ಲೆಕ್ಕವನ್ನು ಯಾರೂ ಬರೆಯುವುದಿಲ್ಲ.

ಇದೇ ತಂತ್ರಜ್ಞಾನ ತಿರುಗಿಯೂ ಬೀಳಬಹುದು. 'ಜ್ವರ' ಎಂದು ಒತ್ತಿದರೆ ಏಳೆಂಟು ಪರೀಕ್ಷೆಗಳಿಗೆ ತಾನಾಗಿ ಟಿಕ್ ಬೀಳುವಂತೆ ಮಾಡಿಟ್ಟರೆ, ಬೇಡದ್ದನ್ನು ತೆಗೆಯುವ ವ್ಯವಧಾನ ಯಾರಿಗಿದೆ? ಟಿಕ್ ಇಲ್ಲದ ಖಾಲಿ ಪಟ್ಟಿಯೇ ಎಷ್ಟೋ ಪರೀಕ್ಷೆ ಉಳಿಸುತ್ತದೆ. ಹಾಗಾಗಿ ಆಸ್ಪತ್ರೆ ಯಾವ ಸಾಫ್ಟ್‌ವೇರ್ ಕೊಂಡಿತು ಎನ್ನುವುದಕ್ಕಿಂತ, ಅದರ ನಿಯಮ ಬರೆದವರು ಡಾಕ್ಟರೋ ಬಿಲ್ಲಿಂಗಿನವರೋ ಎಂದು ಕೇಳುವುದು ಒಳ್ಳೆಯದು. ಇನ್ನು, ಪ್ರತಿಯೊಂದಕ್ಕೂ ಎಚ್ಚರಿಕೆ ಬಂದರೆ ಡಾಕ್ಟರು ಓದದೆ ಮುಚ್ಚುತ್ತಾ ಹೋಗುತ್ತಾರೆ. ಇದಕ್ಕೆ ಅಲರ್ಟ್ ಫಟೀಗ್, ಅಂದರೆ ಎಚ್ಚರಿಕೆಗಳ ದಣಿವು, ಎಂಬ ಹೆಸರೇ ಬಿದ್ದಿದೆ.

ಮತ್ತೆ ಮಾಡಿಸುವುದೆಲ್ಲ ದಂಡ ಎಂದೂ ಅಲ್ಲ. ಎದೆನೋವೆಂದು ಬಂದವರಿಗೆ, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ಪರೀಕ್ಷೆಯನ್ನು ಕೆಲವೇ ಗಂಟೆಗಳಲ್ಲಿ ಮತ್ತೆ ಮಾಡುತ್ತಾರೆ, ಏರುತ್ತಿದೆಯೇ ಎಂದು ನೋಡಬೇಕಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ದಿನಾ ನೋಡುವುದೂ ಉಂಟು. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದ ಮೇಲಾದರೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆಗೆ ಆರು ವಾರ ಕಾಯಬೇಕು. ಎಲ್ಲಕ್ಕೂ ಒಂದೇ ಗಡುವು ಹಾಕಿ ಕೂತ ಸಾಫ್ಟ್‌ವೇರನ್ನು ಡಾಕ್ಟರು ಮೊದಲ ವಾರದಲ್ಲೇ ಆಫ್ ಮಾಡಿಸುತ್ತಾರೆ.