ಬೆನ್ನು ನೋಡಿದರೆ ಗಿರಾಕಿ ಕಾಣುತ್ತಾನೆ

ಹಳೇ ಕಾಗದ ಉಳಿಸಿಕೊಡುವುದು ನನ್ನ ಕೆಲಸ. ಯಾರಾದರೂ ಜಪಾನಿನ ಮರದಚ್ಚಿನ ಚಿತ್ರ ತಂದರೆ ನಾನು ಮೊದಲು ನೋಡುವುದು ಹಾಳೆಯ ಬೆನ್ನು. "ಮುಂದೆ ಅಷ್ಟು ಚೆನ್ನಾಗಿದೆ, ಹಿಂದೇನು ನೋಡ್ತೀರಿ?" ಅಂತ ತಂದವರು ಮುಖ ಸಣ್ಣ ಮಾಡುತ್ತಾರೆ.

ಹಿಂದೆ ಬರೆನ್ ಉಜ್ಜಿದ ಗುರುತು ಇರುತ್ತದೆ. ಬರೆನ್ ಅಂದರೆ ಬಿದಿರಿನ ಪೊರೆ ಸುತ್ತಿದ, ಅಂಗೈಯಲ್ಲಿ ಹಿಡಿಯುವ ಬಿಲ್ಲೆ. ಈ ಕೆಲಸಕ್ಕೆ ಪ್ರೆಸ್ ಇರಲಿಲ್ಲ. ಚೆರ್ರಿ ಮರದ ಅಚ್ಚಿಗೆ ಬಣ್ಣ ಹಚ್ಚಿ, ತುಸು ತೇವದ ಕಾಗದ ಹಾಸಿ, ಮೇಲಿಂದ ಉಜ್ಜುತ್ತಿದ್ದರು. ಸಾಮಾನ್ಯವಾಗಿ ಬಣ್ಣಕ್ಕೊಂದು ಅಚ್ಚು. ಹಾಳೆ ಪ್ರತಿ ಸಲವೂ ಅದೇ ಜಾಗಕ್ಕೆ ಕೂರಲಿ ಅಂತ ಅಚ್ಚಿನ ಮೂಲೆಯಲ್ಲೊಂದು, ಅಂಚಿನಲ್ಲೊಂದು ಕಚ್ಚು. ಅದೇ ಕೆಂಟೋ. ಅದು ಕೂದಲೆಳೆಯಷ್ಟು ತಪ್ಪಿದರೂ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ.

ಆಮೇಲೆ ನೋಡುವುದು ಅಂಚಿನ ತೂತುಗಳನ್ನು. ಸಾಲಾಗಿ ತೂತಿದ್ದರೆ ಯಾರೋ ಹತ್ತಾರು ಹಾಳೆ ಸೇರಿಸಿ ಪುಸ್ತಕದ ಹಾಗೆ ಹೊಲಿದಿಟ್ಟುಕೊಂಡಿದ್ದರು ಅಂತ ಲೆಕ್ಕ. ನನಗೆ ಇಷ್ಟವಾಗುವವರು ಇವರೇ, ಚಿತ್ರ ಕೊಂಡವರು.

18ನೇ ಶತಮಾನದ ಎಡೋ, ಅಂದರೆ ಇಂದಿನ ಟೋಕಿಯೊ, ಸುಮಾರು 10 ಲಕ್ಷ ಜನರ ಊರು. 1765ರಲ್ಲಿ ಸುಜುಕಿ ಹರುನೊಬು ಎಂಬ ಚಿತ್ರಕಾರ ಬಹುವರ್ಣದ ಚಿತ್ರಗಳನ್ನು ಮಾಡಿದ. ಅವು ಮೊದಲಿಗೆ ಹಣವಂತ ಕಾವ್ಯಪ್ರಿಯರು ತಮ್ಮತಮ್ಮಲ್ಲೇ ಹಂಚಿಕೊಳ್ಳಲು ಮಾಡಿಸಿದ ಕ್ಯಾಲೆಂಡರ್‌ಗಳು. ಪ್ರಕಾಶಕರು ಅದರಲ್ಲಿ ವ್ಯಾಪಾರ ಕಂಡರು. 19ನೇ ಶತಮಾನದ ಹೊತ್ತಿಗೆ ಒಂದು ಸಾಧಾರಣ ಹಾಳೆಯ ಬೆಲೆ ಹೆಚ್ಚುಕಮ್ಮಿ ಒಂದು ಬಟ್ಟಲು ಸೋಬಾದಷ್ಟು, ಅಂದರೆ ಹುರುಳಿಹಿಟ್ಟಿನಂಥ ಬಕ್‌ವೀಟ್ ಹಿಟ್ಟಿನ ಶಾವಿಗೆಯಷ್ಟು. ಊರಿಗೆ ಹೊರಟವರಿಗೂ ಒಳ್ಳೇ ಉಡುಗೊರೆ: ಹಗುರ, ಒಡೆಯುವ ಭಯವಿಲ್ಲ.

ಜನ ಕೊಂಡದ್ದು 'ಕಲೆ' ಅಂತಲ್ಲ. ಕಬುಕಿ ಅನ್ನುವ ಜಪಾನಿ ನಾಟಕದ ನಟರ ಚಿತ್ರ ಬೇಕಿತ್ತು, ಅಷ್ಟೇ. 1854ರಲ್ಲಿ ಎಂಟನೇ ಇಚಿಕಾವಾ ಡಂಜೂರೊ ಎಂಬ ನಟ ಒಸಾಕಾದಲ್ಲಿ ಆತ್ಮಹತ್ಯೆ ಮಾಡಿಕೊಂಡ. ಇನ್ನೂ ಮೂವತ್ತರ ಆಸುಪಾಸಿನವನು, ಹೆಂಗಸರಿಗೆ ಅಚ್ಚುಮೆಚ್ಚು. ಸುದ್ದಿ ಬಂದದ್ದೇ ತಡ, ಎಡೋದಲ್ಲಿ ಶಿನಿ-ಎ, ಅಂದರೆ ಸಾವಿನ ಚಿತ್ರಗಳು, ರಾಶಿ ಬಿದ್ದವು. ಎಷ್ಟೋ ಹಾಳೆಗಳಲ್ಲಿ ಕಲಾವಿದನ ಸಹಿಯೂ ಇಲ್ಲ, ಸರ್ಕಾರದ ಒಪ್ಪಿಗೆ ಮುದ್ರೆಯೂ ಇಲ್ಲ. ಅಷ್ಟು ಅವಸರ! ಅಳು ಆರುವ ಮುಂಚೆ ಮಾರಬೇಕಿತ್ತಲ್ವಾ.

ಬೀಸಣಿಗೆ ಚಿತ್ರಗಳ ಪಾಡು ಬೇರೆ. ಕತ್ತರಿಸಿ, ಬಿದಿರಿನ ಕಡ್ಡಿಗೆ ಅಂಟಿಸಿ, ಬೇಸಿಗೆಯಿಡೀ ಬೀಸಿ, ಹರಿದ ಮೇಲೆ ಬಿಸಾಡುತ್ತಿದ್ದರು. ಈಗ ಸಿಗುವವು ಜಾಸ್ತಿ ಕತ್ತರಿಸದೇ ಉಳಿದವು. ಚೆನ್ನಾಗಿ ಬಳಕೆಯಾದದ್ದು ನಮ್ಮ ಕೈಗೆ ಬರುವುದೇ ಅಪರೂಪ.

ಒಪ್ಪಿಗೆ ಮುದ್ರೆ ಅಂದೆನಲ್ಲ, ಅದು 1790ರಲ್ಲಿ ಶುರುವಾದದ್ದು. ಹಾಳೆಯ ಮೇಲೆ ಒಂದು ಪುಟ್ಟ ದುಂಡು ಗುರುತು, ಒಳಗೆ 'ಕಿವಮೆ' ಅನ್ನುವ ಒಂದೇ ಅಕ್ಷರ. ಪರಿಶೀಲಿಸಿದ್ದೇವೆ ಅಂತ ಅರ್ಥ. 1842ರಲ್ಲಿ ಹಿಡಿತ ಇನ್ನೂ ಬಿಗಿಯಾಯಿತು. ನಟರ, ವೇಶ್ಯೆಯರ ಚಿತ್ರಗಳನ್ನೇ ನಿಷೇಧಿಸಿದರು. ಬಣ್ಣಕ್ಕೂ ಬೆಲೆಗೂ ಮಿತಿ ಹಾಕಿದರು.

ಗಿರಾಕಿ ಸುಮ್ನೆ ಇರುತ್ತಾನಾ? ಚಿತ್ರಕಾರ ಉತಗಾವಾ ಕುನಿಯೋಶಿಗೆ ಗಿರಾಕಿಯ ಮನಸ್ಸು ಗೊತ್ತಿತ್ತು. 1847-48ರ ಸುಮಾರಿಗೆ ಕುನಿಯೋಶಿ ಒಂದು ಚಿತ್ರ ಮಾಡಿದ. ನೋಡಿದರೆ ಯಾರೋ ಪೋಕರಿ ಹುಡುಗರು ಉಗ್ರಾಣದ ಗೋಡೆಯನ್ನು ಮೊಳೆಯಿಂದ ಗೀಚಿ ಹಾಳು ಮಾಡಿದ ಹಾಗಿದೆ. ಸೊಟ್ಟ ಮುಖಗಳು, ನಡುವೆ ತಲೆಗೆ ಬಟ್ಟೆ ಕಟ್ಟಿಕೊಂಡು ಕುಣಿಯುವ ಎರಡು ಬಾಲದ ಬೆಕ್ಕು. ಮಕ್ಕಳ ಗೀಚಾಟ ಅಂತ ದಾಟಿ ಹೋಗಬಹುದು. ನಾಟಕ ನೋಡುವವರು ಮಾತ್ರ ಮೂಗು, ಗಲ್ಲ ನೋಡಿಯೇ ಇಂಥ ನಟ ಅಂತ ಹೇಳಬಲ್ಲವರಾಗಿದ್ದರು. ಶೀರ್ಷಿಕೆಯಲ್ಲಿ 'ನಿತಕರ' ಅಂತ ಒಂದು ಪದ ಇಟ್ಟ. ಕಿವಿಗೊಟ್ಟು ಕೇಳಿದರೆ, ಜಪಾನಿಯಲ್ಲಿ 'ಹೋಲುತ್ತೆ, ಅದಕ್ಕೇ' ಅಂದ ಹಾಗೆ.